ಮನೆ ಗುಂಪಿನಲ್ಲಿ ಕಿನ್ನರಿಯರ ಫೋಟೋ

ದೊಡ್ಡಪ್ಪ (ಫಾರ್ವರ್ಡ್): ಷರ್ಲಾಕ್ ಹೋಮ್ಸ್ ಕಥೆ ಬರೆದ ಕಾನನ್ ಡಾಯ್ಲ್ ಕಿನ್ನರಿಯರ ಫೋಟೋ ನೋಡಿ ನಿಜ ಎಂದು ಒಪ್ಪಿದ್ದರು! ದೆವ್ವ, ದೈವ ಇಲ್ಲ ಅನ್ನುವವರಿಗೆ ತಪ್ಪದೆ ಕಳಿಸಿ.

ದೊಡ್ಡಪ್ಪ: ಅಂಥ ಪತ್ತೇದಾರನೇ ಒಪ್ಪಿದ್ದಾನೆ. ಈಗಿನ ಹುಡುಗರಿಗೆ ಯಾವುದರ ಮೇಲೂ ನಂಬಿಕೆ ಇಲ್ಲ.

ಭಾವ: ಡಾಯ್ಲ್ ಲೇಖಕ, ಪತ್ತೇದಾರ ಅಲ್ಲ ಮಾವ. ಮೂಲ ಎಲ್ಲಿದೆ? ಲಿಂಕ್ ಕಳಿಸಿ.

ದೊಡ್ಡಪ್ಪ: ಗೃಹಪ್ರವೇಶದ ಮುಹೂರ್ತ ಇಟ್ಟಾಗಲೂ ನೀವು ಹೀಗೇ ಕೇಳಿದ್ದಿರಿ.

ಅಕ್ಕ: ಅದು ಈಗ ಯಾಕೆ ದೊಡ್ಡಪ್ಪ?

ಮೈಸೂರು ಅಣ್ಣ: ದೆವ್ವ ಅಂದರೆ ಅಜ್ಜಿಮನೆ ಅಟ್ಟ! ರಾತ್ರಿ ಏನೋ ಸದ್ದು ಅಂತ ಬ್ಯಾಟರಿ ಹಿಡಿದು ಹುಡುಕಲು ಹತ್ತಿದ್ದೆವು. ಸಿಕ್ಕಿದ್ದು ಕೋಡುಬಳೆ ಡಬ್ಬ.

ಅಕ್ಕ: ಖಾಲಿ ಮಾಡಿದ್ದು ನೀನು, ಬೈಸಿಕೊಂಡಿದ್ದು ನಾನು.

ನಾನು: ಫೋಟೋ ವಿಷಯ ಕೇಳಿ. 1917ರಲ್ಲಿ ಇಂಗ್ಲೆಂಡಿನ ಕಾಟಿಂಗ್ಲಿಯಲ್ಲಿ ಎಲ್ಸಿ, ಫ್ರಾನ್ಸಿಸ್ ಎಂಬ ಹುಡುಗಿಯರು ತೆಗೆಯಲು ಶುರು ಮಾಡಿದ್ದು. 1920ರಲ್ಲಿ ಡಾಯ್ಲ್ ಪತ್ರಿಕೆಯಲ್ಲಿ ಅದರ ಪರವಾಗಿ ಬರೆದರು. 1983ರಲ್ಲಿ ಇಬ್ಬರೂ ಬಾಯಿಬಿಟ್ಟರು. ಕಾಗದದ ಚಿತ್ರ ಕತ್ತರಿಸಿ, ಹ್ಯಾಟಿನ ಪಿನ್ ಚುಚ್ಚಿ ನಿಲ್ಲಿಸಿದ್ದರಂತೆ. ಆದರೆ ಇಷ್ಟೆಲ್ಲ ನಂಬಿದ ಡಾಯ್ಲ್ ಹೋಮ್ಸ್ ಕಥೆಯೊಳಗೆ ಮಾತ್ರ ದೆವ್ವಕ್ಕೆ ಜಾಗ ಕೊಡಲಿಲ್ಲ. ಬಾಸ್ಕರ್‌ವಿಲ್ ಕಥೆಯ ಶಾಪದ ನಾಯಿ ಹೊಳೆಯುವುದು ಮೈಗೆ ರಂಜಕ ಸವರಿದ್ದರಿಂದ. ನನಗೆ ಅವರ ಮೇಲೆ ಗೌರವ ಬರುವುದೇ ಅಲ್ಲಿ.

ಭಾವ: ಮತ್ತೆ! ಪತ್ತೇದಾರಿ ಕಥೆಗೆ ದೆವ್ವ ತಂದರೆ ಮೋಸ. 1929ರಲ್ಲಿ ರೊನಾಲ್ಡ್ ನಾಕ್ಸ್ ಇದನ್ನೇ ನಿಯಮ ಮಾಡಿ ಬರೆದರು.

ದೊಡ್ಡಪ್ಪ: ಯಾರವರು?

ಭಾವ: ಒಬ್ಬ ಪಾದ್ರಿ.

ದೊಡ್ಡಪ್ಪ: ಪಾದ್ರಿಯೇ ಬೇಡ ಅಂದರಾ?

ನಾನು: ದೆವ್ವ ಬಂದರೆ ಮೋಸ ಅಲ್ಲ ಭಾವ. ಅದರ ಕಟ್ಟುಪಾಡು ಮೊದಲೇ ಹೇಳದಿದ್ದರೆ ಮೋಸ. ರಾಂಡಲ್ ಗ್ಯಾರೆಟ್ ಅವರ ಲಾರ್ಡ್ ಡಾರ್ಸಿ ಕಥೆ ಓದಿ. ಆ ಲೋಕದಲ್ಲಿ ಮಂತ್ರವಿದ್ಯೆಗೆ ವಿಜ್ಞಾನದ ಹಾಗೆ ನಿಯಮಗಳಿವೆ, ಮಂತ್ರವಾದಿಗೆ ಲೈಸೆನ್ಸ್ ಬೇಕು. ಗುಂಡು ಇದೇ ಪಿಸ್ತೂಲಿನದಾ ಅಂತ ಅವನು ಮಂತ್ರ ಹಾಕಿ ನೋಡಬಲ್ಲ. ಕೊಂದವರು ಯಾರು ಅಂತ ಪತ್ತೇದಾರ ಡಾರ್ಸಿಯೇ ತಲೆ ಓಡಿಸಿ ಹಿಡಿಯಬೇಕು. ಅವನಿಗೆ ಮಂತ್ರ ಬರುವುದಿಲ್ಲ. ಬೀಗ ಹಾಕಿದ ಕೋಣೆಯಲ್ಲಿ ಕೊಲೆ ಮಾಡಿಸಿ, ಕೊನೆ ಪುಟದಲ್ಲಿ 'ದೆವ್ವ ಗೋಡೆ ದಾಟಿ ಬಂತು' ಅಂದರೆ ಮಾತ್ರ ಸಿಟ್ಟು ಬರುತ್ತದೆ. ಅಷ್ಟು ಹೊತ್ತು ನಾವು ಸುಮ್ನೆ ಯೋಚನೆ ಮಾಡಿದ್ದಾ?

ಮೈಸೂರು ಅಣ್ಣ: ಅಜ್ಜಿಯ ಮೋಹಿನಿ ಕಥೆಯೂ ಹಾಗೇ ಅಲ್ವಾ? ಕಾಲು ಹಿಂದುಮುಂದು ಅಂತ ಮೊದಲೇ ಹೇಳಿಬಿಡುತ್ತಿದ್ದರು. ದಾರಿಯಲ್ಲಿ ಯಾವಳೋ ಗಾಡಿಯವನ ಹತ್ತಿರ ಸುಣ್ಣ ಕೇಳಿದಳು ಅಂದ ತಕ್ಷಣ 'ಕಾಲು ನೋಡೋ, ಕಾಲು ನೋಡೋ' ಅಂತ ನಾವು ಕಿರುಚುತ್ತಿದ್ದೆವು.

ನಾನು: ಅದೇ ಅಣ್ಣ! ಆ ಗಾಡಿಯವನಿಗಿಂತ ಮೊದಲು ನಮಗೆ ಗೊತ್ತಾಗುತ್ತಿತ್ತು.

ದೊಡ್ಡಪ್ಪ: ಈಗ ನೋಡಿದೆ. ಐದನೇ ಫೋಟೋ ಮಾತ್ರ ನಿಜ ಅಂತ ಫ್ರಾನ್ಸಿಸ್ ಹೇಳಿದ್ದಾಳಂತೆ.

ನಾನು: ಹೌದು ದೊಡ್ಡಪ್ಪ, ಆಕೆ ಹಾಗೆ ಹೇಳಿದ್ದು ನಿಜ.

ಭಾವ: ಅವರು ಹೇಳಿದರೆ ಪುರಾವೆ ಆಗುತ್ತದಾ?

ದೊಡ್ಡಪ್ಪ: ನಿಮ್ಮ ಪಾದ್ರಿ ಹೇಳಿದರೆ ಆಗುತ್ತದಲ್ಲ.