ಕಲಬುರಗಿ–ಬೀದರ್ ವಿಮಾನ ದೂರ: 87, 97, 47. ಯಾವುದು ಖರೇ?

ತೊಗರಿಕಣಜ:
ಭೂಗೋಳದ ಪಾಠಕ್ಕ ದೂರದ ಪಟ್ಟಿ ಮಾಡ್ಲಿಕತ್ತೀನಿ. ಕಲಬುರಗಿ–ಬೀದರ್ ನೇರ ದೂರ ಒಂದು ಕಡೆ 87, ಒಂದು ಕಡೆ 97, ಇನ್ನೊಂದು ಕಡೆ ಬರೀ 47 ಅಂತ ಬರ್ತದ. ಹಾರಾಟಕ್ಕ 37 ನಿಮಿಷ ಅಂತಾನೂ ತೋರಸ್ತದ. ತಾಸಿಗೆ 500 ಕಿ.ಮೀ. ಹೋಗೋ ಎಟಿಆರ್‌ಗೆ (ಪಂಖದ ಸಣ್ಣ ವಿಮಾನ) ಹತ್ತು ನಿಮಿಷ ಸಾಕಲ್ಲ?

ಅಕ್ಷಾಂಶ:
ಮೂರೂ ಖರೇ ಅದಾವ್ರಿ, ಅಳತಿ ಬ್ಯಾರೆ. 97 ಅಂದ್ರ ಊರಿಂದ ಊರಿಗೆ. ಕಲಬುರಗಿ ವಿಮಾನ ನಿಲ್ದಾಣ ಊರಾಗಿಲ್ಲ, ಪೂರ್ವಕ್ಕ ಸುಮಾರು 14 ಕಿ.ಮೀ. ದೂರ ಶ್ರೀನಿವಾಸ ಸರಡಗಿ ಹತ್ರ ಅದ. ಬೀದರ್ ಈಶಾನ್ಯಕ್ಕ ಇರೋದರಿಂದ ಅಲ್ಲೇ ಹತ್ತು ಕಿ.ಮೀ. ಉಳೀತದ. ನಿಲ್ದಾಣದಿಂದ ನಿಲ್ದಾಣಕ್ಕ 87. ಅದನ್ನೇ ನಾಟಿಕಲ್ ಮೈಲಿನಾಗ (ಒಂದಕ್ಕ 1.852 ಕಿ.ಮೀ.) ಹೇಳಿದ್ರ 47.

ಕೈಲೆಕ್ಕ ಹಾಕ್ರಿ: ಅಕ್ಷಾಂಶ 17.908 − 17.308 = 0.600, ಇದನ್ನ 110.7ರಿಂದ (ಒಂದು ಡಿಗ್ರಿ ಅಕ್ಷಾಂಶಕ್ಕ ಇಷ್ಟು ಕಿ.ಮೀ.) ಗುಣಿಸಿದ್ರ 66.4. ರೇಖಾಂಶ 77.487 − 76.958 = 0.529, ನಮ್ಮ ಅಕ್ಷಾಂಶದಾಗ ಒಂದು ಡಿಗ್ರಿಗೆ 106.1, ಅಂದ್ರ 56.1. ಎರಡರ ವರ್ಗ ಕೂಡಿಸಿ ವರ್ಗಮೂಲ ತಗೀರಿ, 86.9. ಮಕ್ಕಳು ತಪ್ಪೋದು ಒಂದೇ ಕಡೆ: 17 ಡಿಗ್ರಿ 18 ಮಿನಿಟನ್ನ 17.18 ಅಂತ ಬರೀತಾರ. ಅಷ್ಟಕ್ಕೇ ನಿಲ್ದಾಣ 14 ಕಿ.ಮೀ. ದಕ್ಷಿಣಕ್ಕ ಸರಿದುಬಿಡ್ತದ!

ರನ್‌ವೇ09:
37 ನಿಮಿಷ ಯಂತ್ರದ ಲೆಕ್ಕ: ತಾಸಿಗೆ 800 ಕಿ.ಮೀ. ವೇಗದಲ್ಲಿ ಏಳು ನಿಮಿಷ, ಏರಿಳಿಕೆಗೆಂದು ಕಣ್ಣುಮುಚ್ಚಿ ಇನ್ನು 30. ನಿಮ್ಮ ಹತ್ತು ನಿಮಿಷವೂ ಆಗದು. ಸಾವಿರ ಅಡಿ ಇಳಿಯಲು ಸುಮಾರು ಮೂರು ನಾಟಿಕಲ್ ಮೈಲು ಬೇಕು. ಹತ್ತು ಸಾವಿರ ಅಡಿಯಿಂದ ಇಳಿಯಲು 30. ಇರುವುದೇ 47, ಅದರಲ್ಲೇ ಏರಲೂ ಬೇಕು. ಹಾಗಾಗಿ ವಿಮಾನ ತನ್ನ ಪೂರ್ಣ ವೇಗ ಮುಟ್ಟುವ ಮೊದಲೇ ಇಳಿಕೆ ಶುರು. ಕಲಬುರಗಿಯ ರನ್‌ವೇ ಪೂರ್ವ–ಪಶ್ಚಿಮ; ಮುಂಗಾರಿನ ಪಡುವಣ ಗಾಳಿಗೆ ಎದುರಾಗಿ ಪಶ್ಚಿಮಕ್ಕೆ ಏರಿದರೆ ಈಶಾನ್ಯಕ್ಕೆ ತಿರುಗಿ ಬರಬೇಕು. ಬೀದರ್ ವಾಯುಪಡೆಯ ನೆಲೆ, ಅಲ್ಲಿ ಪೈಲಟ್‌ಗಳ ತರಬೇತಿ ನಡೆಯುತ್ತದೆ. ಕಾಯಿಸಿದರೆ ಅದೂ ಸೇರುತ್ತದೆ. ಗಾಳಿಯಲ್ಲಿ 20 ನಿಮಿಷ ಎಂದು ಹಿಡಿಯಿರಿ, ಟ್ಯಾಕ್ಸಿ (ನೆಲದ ಮೇಲೆ ವಿಮಾನ ಓಡುವ ಹೊತ್ತು) ಬೇರೆ.

ಹುಮನಾಬಾದ್ ಲೈನ್:
ಪಟ್ಟಿಯೊಳಗ ನಿಲ್ದಾಣದ ಮೂರಕ್ಷರದ ಕೋಡ್ ಹಾಕುವಾಗ ಹುಷಾರ್. ಬೀದರ್‌ಗೆ ಐಎಕ್ಸ್‌ಎಕ್ಸ್, ಕಲಬುರಗಿಗೆ ಜಿಬಿಐ. ಬಿಡಿಆರ್ ಅಂತ ಹಾಕಿದ್ರ ಅಮೆರಿಕಾದ ಬ್ರಿಡ್ಜ್‌ಪೋರ್ಟ್‌ಗೆ ಹೋಗ್ತೀರಿ. ಪಟ್ಟಿಯೊಳಗ ರೈಲಿಂದೂ ಒಂದು ಸಾಲು ಇರ್ಲಿ: ಹುಮನಾಬಾದ್ ಮ್ಯಾಲಿಂದ 110 ಕಿ.ಮೀ., 2017ರಾಗ ಪೂರ್ತಿ ಆದ ಮಾರ್ಗ.

ತೊಗರಿಕಣಜ:
ಶೀರ್ಷಿಕೆ ‘ನಿಲ್ದಾಣದಿಂದ ನಿಲ್ದಾಣಕ್ಕ’ ಅಂತ ಮಾಡ್ದೆ. ಕಲಬುರಗಿ–ಬೆಂಗಳೂರಿಗೂ ಅದೇ 30 ನಿಮಿಷ ಕೂಡಿಸಬೇಕೇನ್ರಿ?

ರನ್‌ವೇ09:
ಅಲ್ಲಿ ನಡೆಯುತ್ತದೆ. 462 ಕಿ.ಮೀ., ಜೆಟ್‌ಗೆ 35 ನಿಮಿಷ, ಜೊತೆಗೆ 30. ಎಟಿಆರ್ ಆದರೆ 55ಕ್ಕೆ ಕೂಡಿಸಿ.