ಇ-ಮೇಲ್‌ನ ಕೊನೆಯಲ್ಲಿ ‘ವಿಧೇಯ’ ಎಂದು ಬರೆಯಬೇಕೇ?

ಪ್ರಶ್ನೆ: ನಮಸ್ಕಾರ ಮೇಡಂ. ಬೆಂಗಳೂರಿನಲ್ಲಿ ಯಂತ್ರಭಾಗ ತಯಾರಿಸುವ ಕಂಪನಿಗೆ ಸೇರಿ ಎರಡು ತಿಂಗಳಾಯಿತು. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮ. ರಜಾ ಅರ್ಜಿಯಲ್ಲಿ ‘ಇಂತಿ ತಮ್ಮ ವಿಧೇಯ ವಿದ್ಯಾರ್ಥಿ’ ಎಂದು ಬರೆದು ರೂಢಿ. ಅದೇ ರೂಢಿಯಲ್ಲಿ ಜರ್ಮನಿಯ ಗ್ರಾಹಕರಿಗೆ ಬರೆದ ಇಂಗ್ಲಿಷ್ ಮೇಲ್ ಅನ್ನು ‘ಯುವರ್ಸ್ ಒಬೀಡಿಯೆಂಟ್ಲಿ’ ಎಂದು ಮುಗಿಸಿದೆ. ಜೊತೆಯವರು ನಕ್ಕರು. ಏನು ಬರೆಯಬೇಕಿತ್ತು?

ಉತ್ತರ: ನಕ್ಕವರ ಮಾತು ಬಿಡಿ. ಶಾಲೆಯಲ್ಲಿ ಕಲಿಸಿದ್ದನ್ನು ನೀವು ಶ್ರದ್ಧೆಯಿಂದ ಬರೆದಿದ್ದೀರಿ. ಬ್ರಿಟಿಷರ ಕಾಲದ ಸರ್ಕಾರಿ ಪತ್ರಗಳು ‘ಯುವರ್ ಮೋಸ್ಟ್ ಒಬೀಡಿಯೆಂಟ್ ಸರ್ವೆಂಟ್’ ಎಂದು ಮುಗಿಯುತ್ತಿದ್ದವು. ಸೇವಕ ಹೋದರೂ ವಿಧೇಯತೆ ನಮ್ಮ ಅರ್ಜಿಗಳಲ್ಲಿ ಉಳಿಯಿತು. ಗ್ರಾಹಕರಿಗೂ ನಿಮಗೂ ಇರುವುದು ಸರಿಸಮಾನರ ವ್ಯವಹಾರ. ಅಲ್ಲಿ ಗೌರವ ಬೇಕು, ತಲೆಬಾಗುವುದು ಬೇಡ.

ಬ್ರಿಟಿಷ್ ಪದ್ಧತಿಯಲ್ಲಿ ಪತ್ರದ ತಲೆಗೂ ಬಾಲಕ್ಕೂ ನಂಟಿದೆ. ಹೆಸರು ತಿಳಿಯದೆ ‘ಡಿಯರ್ ಸರ್’ ಎಂದು ಆರಂಭಿಸಿದರೆ ‘ಯುವರ್ಸ್ ಫೇತ್‌ಫುಲಿ’, ಹೆಸರು ಹಿಡಿದು ಕರೆದರೆ ‘ಯುವರ್ಸ್ ಸಿನ್ಸಿಯರ್ಲಿ’. ದಿನನಿತ್ಯದ ಮೇಲ್‌ಗಳಿಗೆ ‘ರಿಗಾರ್ಡ್ಸ್’ ಅಥವಾ ‘ಕೈಂಡ್ ರಿಗಾರ್ಡ್ಸ್’ ಸಾಕು. ಎರಡನೆಯ ಪದ ಸಣ್ಣಕ್ಷರದಲ್ಲೇ ಶುರುವಾಗಲಿ. ‘ಥ್ಯಾಂಕ್ಸ್ ಇನ್ ಅಡ್ವಾನ್ಸ್’ ನನಗೆ ಹಿಡಿಸುವುದಿಲ್ಲ. ಅವರು ಒಪ್ಪುವ ಮೊದಲೇ ಒಪ್ಪಿಗೆಯನ್ನು ಕಿತ್ತುಕೊಂಡಂತೆ ಕೇಳಿಸುತ್ತದೆ.

ಪ್ರಶ್ನೆ: ಅವರ ಉತ್ತರದ ಕೊನೆಯಲ್ಲಿ ‘ಎಂಎಫ್‌ಜಿ’ ಎಂಬ ಮೂರೇ ಅಕ್ಷರಗಳಿದ್ದವು. ಸಿಟ್ಟಾಗಿದ್ದಾರೆಯೇ?

ಉತ್ತರ: ಇಲ್ಲ, ಅವಸರದಲ್ಲಿದ್ದಾರೆ. ‘ಮಿಟ್ ಫ್ರಾಯಿಂಡ್ಲಿಷೆನ್ ಗ್ರೂಸೆನ್’, ಅಂದರೆ ಸ್ನೇಹಪೂರ್ವಕ ವಂದನೆಗಳೊಂದಿಗೆ ಎಂಬುದರ ಮೊದಲಕ್ಷರಗಳು ಅವು. ಜರ್ಮನರಲ್ಲೂ ಇದನ್ನು ಒರಟು ಎನ್ನುವವರಿದ್ದಾರೆ, ಆದ್ದರಿಂದ ನೀವು ಮಾತ್ರ ಪೂರ್ತಿಯಾಗಿಯೇ ಬರೆಯಿರಿ. ಜರ್ಮನ್‌ನಲ್ಲಿ ಬರೆಯುವುದಾದರೆ ಆ ಸಾಲಿನ ಕೊನೆಗೆ ಅಲ್ಪವಿರಾಮ ಹಾಕುವುದಿಲ್ಲ.

ಇನ್ನೊಬ್ಬ ಸದಸ್ಯೆ: ನಾನು ತಾಲ್ಲೂಕು ಕಚೇರಿಗೆ ಕನ್ನಡದಲ್ಲೇ ಮೇಲ್ ಕಳುಹಿಸುತ್ತೇನೆ. ಎಲ್ಲವನ್ನೂ ‘ಧನ್ಯವಾದಗಳು’ ಎಂದು ಮುಗಿಸುತ್ತೇನೆ. ಸರಿಯೇ?

ಉತ್ತರ: ಕನ್ನಡದಲ್ಲಿ ಬರೆಯುತ್ತಿದ್ದೀರಿ ಎಂಬುದೇ ನನಗೆ ದೊಡ್ಡ ಸಂತೋಷ. ಆದರೆ ಮೂರು ತಿಂಗಳಿಂದ ಖಾತೆ ಬದಲಾವಣೆ ಆಗಿಲ್ಲವೆಂದು ದೂರಿ, ಕೊನೆಗೆ ‘ಧನ್ಯವಾದಗಳು’ ಎಂದರೆ ಯಾವುದಕ್ಕೆ? ಅಲ್ಲಿ ‘ವಂದನೆಗಳೊಂದಿಗೆ’ ಅಥವಾ ‘ಇಂತಿ ತಮ್ಮ ವಿಶ್ವಾಸಿ’ ಒಪ್ಪುತ್ತದೆ. ಸರ್ಕಾರಿ ಪತ್ರಗಳಲ್ಲಿ ‘ತಮ್ಮ ನಂಬುಗೆಯ’ ಎಂಬುದನ್ನೂ ನೋಡಿರುತ್ತೀರಿ. ಇನ್ನೊಂದು ಎಡವಟ್ಟನ್ನು ದಿನವೂ ಕಾಣುತ್ತೇನೆ: ಒಡಲಲ್ಲಿ ‘ನೀವು ಕೇಳಿದ ದಾಖಲೆ’, ಕೊನೆಯಲ್ಲಿ ‘ತಮ್ಮ ವಿಶ್ವಾಸಿ’. ‘ತಾವು’ ಎಂದು ಹೊರಟರೆ ಕೊನೆಯವರೆಗೂ ‘ತಾವು’, ‘ನೀವು’ ಎಂದು ಹೊರಟರೆ ‘ನಿಮ್ಮ ವಿಶ್ವಾಸಿ’. ‘ನೀವು’ ಎಂದರೆ ಗೌರವ ಕಡಿಮೆಯಾಗುವುದಿಲ್ಲ. ನಡುವೆ ಬದಲಾಯಿಸಿದರೆ ಎಲ್ಲಿಂದಲೋ ಎತ್ತಿ ಅಂಟಿಸಿದಂತೆ ಕಾಣುತ್ತದೆ.

ಮುಕ್ತಾಯದ ಪದಕ್ಕಿಂತ ಅದರ ಮೇಲಿನ ಸಾಲಿಗೆ ಹೆಚ್ಚು ಹೊತ್ತು ಕೊಡಿ. ‘ಮುಂದಿನ ಕ್ರಮಕ್ಕಾಗಿ ಕೋರುತ್ತೇನೆ’ ಎಂದರೆ ಓದಿದವರಿಗೆ ಏನು ಮಾಡಬೇಕೆಂದೇ ತಿಳಿಯುವುದಿಲ್ಲ. ‘ಅರ್ಜಿ ಯಾವ ಹಂತದಲ್ಲಿದೆ ಎಂದು ಶುಕ್ರವಾರದೊಳಗೆ ತಿಳಿಸಿ’ ಎನ್ನಿ.

ಮೊದಲ ಪ್ರಶ್ನೆ ಕೇಳಿದವರು: ಇಂದು ಹೀಗೆ ಬರೆದೆ ಮೇಡಂ: ‘ಪರಿಷ್ಕೃತ ನಕ್ಷೆಯನ್ನು ಬುಧವಾರ ಕಳುಹಿಸುತ್ತೇನೆ. ಕೈಂಡ್ ರಿಗಾರ್ಡ್ಸ್’, ಕೆಳಗೆ ಹೆಸರು, ಹುದ್ದೆ, ಮೊಬೈಲ್ ಸಂಖ್ಯೆ. ಪ್ರತಿ ಮರುತ್ತರಕ್ಕೂ ಇಷ್ಟೆಲ್ಲ ಬೇಕೇ?

ಉತ್ತರ: ಚೆನ್ನಾಗಿದೆ. ಒಂದೇ ದಿನ ಮೂರು ನಾಲ್ಕು ಮೇಲ್‌ಗಳು ಓಡಾಡಿದರೆ ಮೊದಲನೆಯದಕ್ಕೆ ಪೂರ್ತಿ ಸಹಿ, ಆಮೇಲೆ ಬರಿಯ ಹೆಸರು ಸಾಕು. ಮೊಬೈಲ್ ಸಂಖ್ಯೆಯ ಆರಂಭದಲ್ಲಿ +91 ಸೇರಿಸಿದ್ದೀರಾ? ಅವರು ಜರ್ಮನಿಯಿಂದ ಕರೆ ಮಾಡಬೇಕಲ್ಲ.