ಆಫ್ರಿಕಾದ ಬ್ಯಾಂಕಿನ ಎಲ್‌ಸಿ ನಂಬಬಹುದಾ?

ಪ್ರಶ್ನೆ: ಘಾನಾದ ಗಿರಾಕಿ ಪಂಪ್‌ಸೆಟ್‌ಗೆ ಎಕೋಬ್ಯಾಂಕ್ ಎಲ್‌ಸಿ (ಲೆಟರ್ ಆಫ್ ಕ್ರೆಡಿಟ್, ದಾಖಲೆ ಸರಿಯಿದ್ರೆ ದುಡ್ಡು ಕೊಡ್ತೀವಿ ಅನ್ನೋ ಬ್ಯಾಂಕಿನ ಲಿಖಿತ ಮಾತು) ಕೊಡ್ತಾರಂತೆ. 30ಕ್ಕೂ ಹೆಚ್ಚು ದೇಶಗಳಲ್ಲಿರೋ ಬ್ಯಾಂಕ್, ಅಷ್ಟು ಸಾಕಲ್ವಾ?

ಉತ್ತರ 1: ಸಾಲದು ಸರ್. ಟೋಗೋ ದೇಶದ ಲೋಮೆಯಲ್ಲಿರೋದು ಮಾತೃಸಂಸ್ಥೆ, ಎಲ್‌ಸಿ ಹೊಣೆ ಅದನ್ನು ತೆರೆದ ಘಾನಾದ ಅಂಗಸಂಸ್ಥೆಯದ್ದು. ಅಲ್ಲಿ ಡಾಲರ್ ಅಭಾವವಾದ್ರೆ ಬ್ಯಾಂಕ್ ಗಟ್ಟಿಯಿದ್ರೂ ದುಡ್ಡು ತಡವಾಗುತ್ತೆ. ಎಲ್‌ಸಿ ಬರೋ ಬ್ಯಾಂಕ್ ಸಂದೇಶ, ಅಂದ್ರೆ ಸ್ವಿಫ್ಟ್ ಎಂಟಿ700ರ 49ನೇ ಫೀಲ್ಡ್ ನೋಡಿ: 'ಕನ್ಫರ್ಮ್' ಅಂತಿರಬೇಕು, ಅಂದ್ರೆ ಇನ್ನೊಂದು ಬ್ಯಾಂಕ್ ತಾನೂ ದುಡ್ಡಿಗೆ ಹೊಣೆ ಅಂತ ಸೇರಿಕೊಳ್ಳಬೇಕು. 'ವಿದೌಟ್' ಅಂತಿದ್ರೆ ನಿಮ್ಮೂರ ಬ್ಯಾಂಕ್ ಬರೀ ಅಂಚೆಯಣ್ಣ.

ಉತ್ತರ 2: ಕನ್ಫರ್ಮ್ ಮಾಡೋರು ಯಾರು ಅಂತ ಸರಕು ಕಳಿಸೋ ಮೊದಲೇ ಗೊತ್ತುಮಾಡ್ಕೊಳ್ಳಿ. ಎಕೋಬ್ಯಾಂಕಿನದೇ ಪ್ಯಾರಿಸ್ ಅಂಗಸಂಸ್ಥೆ ಮಾಡಿದ್ರೆ ಘಾನಾದ ಡಾಲರ್ ತಾಪತ್ರಯ ತಪ್ಪುತ್ತೆ, ಆದ್ರೆ ರಿಸ್ಕ್ ಅದೇ ಗುಂಪಿನೊಳಗೇ ಉಳಿಯುತ್ತೆ. ಬೇರೆ ಬ್ಯಾಂಕೇ ವಾಸಿ. ಕಮಿಷನ್ ಯಾರ ತಲೆಗೆ ಅಂತ ಅದೇ ಸಂದೇಶದ 71ಡಿ ಫೀಲ್ಡ್‌ನಲ್ಲಿರುತ್ತೆ.

ಉತ್ತರ 3: ಕನ್ಫರ್ಮ್ ಆದ್ರೂ ದಾಖಲೆ ತಪ್ಪಿದ್ರೆ ದುಡ್ಡು ನಿಲ್ಲುತ್ತೆ. ಎಲ್‌ಸಿಯಲ್ಲಿ ಬೇರೆ ಗಡುವು ಇಲ್ಲದಿದ್ರೆ, ಎಲ್‌ಸಿಗಳ ಅಂತರರಾಷ್ಟ್ರೀಯ ನಿಯಮಾವಳಿ ಯುಸಿಪಿ 600 ಪ್ರಕಾರ ಹಡಗಿಗೇರಿಸಿ 21 ದಿನದೊಳಗೆ ದಾಖಲೆ ಕೊಡಬೇಕು, ಅದೂ ಎಲ್‌ಸಿ ಅವಧಿ ಮುಗಿಯೋದರೊಳಗೆ.